ಕೊರಳಿಗೆ ಹೆಸರು ತೂಗುವ ಮುನ್ನ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಗುರುತಿಲ್ಲದ ಇಬ್ಬರು ಎದುರಾದರೆ ಮಾತು ಶುರುವಾಗುವುದು ಹೆಸರಿನಿಂದ ಅಲ್ಲ, "ನಿಮ್ಮದು ಎಲ್ಲಿ ಆಯ್ತು?" ಎಂಬಲ್ಲಿಂದ. ಊರು ಹೇಳಿದರೆ "ಅಲ್ಲಿ ಯಾರ ಪೈಕಿ?" ಎಂದು ಮುಂದಿನ ಪ್ರಶ್ನೆ. ಆಮೇಲೆ ಮನೆ, ತೋಟ, ಅಜ್ಜನ ಹೆಸರು, ಕೆಲಸ ಎಲ್ಲಿ, ಮದುವೆ ಆಯ್ತಾ ಇಲ್ವಾ. ಹತ್ತು ನಿಮಿಷದೊಳಗೆ ಎಲ್ಲಿಯೋ ಒಂದು ಸಂಬಂಧದ ಎಳೆ ಸಿಕ್ಕಿಯೇ ಸಿಗುತ್ತದೆ. ಇಷ್ಟೆಲ್ಲ ಆಗಿ ಬೀಳ್ಕೊಡುವಾಗ ಹೆಸರು ಕೇಳಲಿಕ್ಕೆ ಮರೆತೇ ಹೋಗಿರುವುದೂ ಉಂಟು.

ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ವಯಸ್ಸಿನವರಿಗೆ ಈ ವಿಚಾರಣೆ ಸ್ವಲ್ಪ ಕಿರಿಕಿರಿಯೇ. ಆದರೆ ಯೋಚಿಸಿ ನೋಡಿದರೆ ಇದರಲ್ಲಿ ಒಂದು ನ್ಯಾಯ ಉಂಟು. ಕೇಳಿದವರೂ ತಮ್ಮದನ್ನು ಹೇಳಬೇಕು. ನಾನು ನನ್ನ ಊರು ಹೇಳಿದರೆ ಅವರು ಅವರ ಊರು ಹೇಳುತ್ತಾರೆ. ಕೊಡುವುದೂ ತಗೊಳ್ಳುವುದೂ ಒಟ್ಟಿಗೇ ನಡೆಯುತ್ತದೆ. ಹೇಳಲು ಮನಸ್ಸಿಲ್ಲದಿದ್ದರೆ "ಇಲ್ಲೇ ಹತ್ತಿರ" ಎಂದು ಮಾತು ತೇಲಿಸಿ ಬಸ್ಸು ಬಂತೆಂದು ಎದ್ದು ಹೋಗಲಿಕ್ಕೂ ದಾರಿ ಉಂಟು.

ಸಮ್ಮೇಳನಗಳಲ್ಲಿ ಕೊರಳಿಗೆ ಹಾಕುವ ಹೆಸರಿನ ಬ್ಯಾಡ್ಜ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ನಾನು ಯಾರನ್ನೂ ನೋಡದೆ ಕಾಫಿ ಕುಡಿಯುತ್ತಾ ನಿಂತಿದ್ದರೂ ನನ್ನ ಹೆಸರು, ಕಂಪನಿ, ಹುದ್ದೆ, ಊರು ಅಲ್ಲಿ ಓಡಾಡುವ ಐನೂರು ಮಂದಿಗೂ ಗೊತ್ತಾಗುತ್ತಿರುತ್ತದೆ. ಓದಿದವರು ಯಾರು ಎಂದು ನನಗೆ ಗೊತ್ತಾಗುವುದಿಲ್ಲ. ಪರಿಚಯ ಎಂಬುದು ಒಂದೇ ದಿಕ್ಕಿಗೆ ಹರಿದು ಹೋಗುತ್ತದೆ.

ಇದು ಬೆಂಗಳೂರಿನ ದೊಡ್ಡ ಹೋಟೆಲುಗಳ ಸಮಸ್ಯೆ ಮಾತ್ರ ಎಂದು ಹೇಳುವ ಕಾಲ ಹೋಯಿತು. ಪುತ್ತೂರಿನಲ್ಲಿ, ಸುಳ್ಯದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಸುಳ್ಯದಲ್ಲಿ ವೈದ್ಯಕೀಯ, ಆಯುರ್ವೇದ ಕಾಲೇಜುಗಳೂ ಇವೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ವಿಚಾರ ಸಂಕಿರಣ, ಕಾರ್ಯಾಗಾರ, ತಾಲೂಕು ಸಾಹಿತ್ಯ ಸಮ್ಮೇಳನ, ಕೃಷಿ ಯಂತ್ರ ಮೇಳ ಎಂದು ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇರುತ್ತದೆ. ಎಲ್ಲ ಕಡೆ ಬಾಗಿಲಲ್ಲೇ ಒಂದು ಮೇಜು, ಒಂದು ಸಹಿ ಪುಸ್ತಕ, ರಾಶಿ ಹಾಕಿದ ಬ್ಯಾಡ್ಜುಗಳು. ಒಳಗೆ ಹೋಗುವ ಅವಸರದಲ್ಲಿ ನಾವು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತೇವೆ. ಅದರಲ್ಲಿ ಏನು ಬರೆದಿದೆ, ಯಾರಿಗಾಗಿ ಬರೆದಿದೆ ಎಂದು ಕೇಳುವವರು ಕಡಿಮೆ.

ಹೆಸರಿನೊಳಗೆ ಇಡೀ ಊರು

ಬೇರೆ ದೇಶಗಳಲ್ಲಿ ಹೆಸರು ಎಂದರೆ ಕರೆಯಲಿಕ್ಕೆ ಒಂದು ಪದ ಇರಬಹುದು. ನಮ್ಮಲ್ಲಿ ಹಾಗಲ್ಲ. 1837ರ ಅಮರ ಸುಳ್ಯದ ಹೋರಾಟದ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಹೆಸರು ನೋಡಿ. ಸುಳ್ಯಕ್ಕೆ ಕಾಲೇಜುಗಳನ್ನು ತಂದ ಕುರುಂಜಿ ವೆಂಕಟರಮಣ ಗೌಡರ ಹೆಸರು ನೋಡಿ. ಮೊದಲಿಗೆ ಮನೆತನ, ಕೊನೆಗೆ ಸಮುದಾಯ, ನಡುವೆ ವ್ಯಕ್ತಿ. ಬಾಲವನದಲ್ಲಿ ಹಲವು ದಶಕ ಬದುಕಿದ ಕೋಟ ಶಿವರಾಮ ಕಾರಂತರ ಹೆಸರಲ್ಲಿ ಊರೂ ಇದೆ, ಮನೆತನವೂ ಇದೆ. ಭಟ್, ರೈ, ಪೂಜಾರಿ, ನಾಯ್ಕ, ಡಿಸೋಜ, ಕುಂಞಿ ಎಂಬ ಪದಗಳನ್ನು ಓದಲು ನಮ್ಮೂರಿನವರಿಗೆ ಕ್ಷಣ ಸಾಕು. ಜಾತಿ, ಧರ್ಮ, ಮನೆಮಾತು, ಕೆಲವೊಮ್ಮೆ ಮನೆ ಯಾವ ಗುಡ್ಡದ ಯಾವ ಬದಿಯಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಹಾಗಾಗಿ ನಮ್ಮಲ್ಲಿ ಪೂರ್ತಿ ಹೆಸರನ್ನು ದೊಡ್ಡಕ್ಷರದಲ್ಲಿ ಎದೆ ಮೇಲೆ ತೂಗಿಸುವುದು ಬರೀ ಹೆಸರು ಹೇಳಿದ ಹಾಗೆ ಅಲ್ಲ. ಸಮ್ಮೇಳನದಲ್ಲಿ ನನ್ನ ಬ್ಯಾಡ್ಜ್ ಓದಿ "ಓ, ನೀವು ನಮ್ಮವರೇ" ಎಂದು ಖುಷಿಯಿಂದ ಕೈಹಿಡಿದವರಿದ್ದಾರೆ. ಅದು ಒಳ್ಳೆಯ ಮನಸ್ಸಿನ ಮಾತು, ನಿಜ. ಆದರೆ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬರಿಗೆ, ಅವರ ಬ್ಯಾಡ್ಜಿನ ಮೇಲೂ ಕಣ್ಣಾಡಿಸಿ ಮುಂದೆ ಹೋದಾಗ, "ನೀವು ನಮ್ಮವರಲ್ಲ" ಎಂದು ಹೇಳಿದ ಹಾಗೇ ಆಯಿತು. ನನ್ನೊಟ್ಟಿಗೆ ಕೆಲಸ ಮಾಡುವ ಗೆಳೆಯನೊಬ್ಬ ಯಾವಾಗಲೂ ತನ್ನ ಮೊದಲ ಹೆಸರನ್ನಷ್ಟೇ ಬರೆಸುತ್ತಾನೆ. ಆದರೂ ಊಟದ ಸಾಲಿನಲ್ಲಿ ಯಾರಾದರೊಬ್ಬರು "ಪೂರ್ತಿ ಹೆಸರು ಏನು?" ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಯಾಕೆ ಬರುತ್ತದೆ ಎಂದು ಅವನಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಅವನು ನಗುತ್ತಾ "ಇಷ್ಟೇ ಸಾರ್" ಎನ್ನುತ್ತಾನೆ. ಆಮೇಲೆ ಆ ಮೇಜಿನಲ್ಲಿ ಊಟಕ್ಕೆ ಕೂರುವುದಿಲ್ಲ.

ಇನ್ನೊಂದು ಸಂಗತಿಯನ್ನು ಬಿಟ್ಟರೆ ನಮ್ಮ ಕರಾವಳಿಯ ಬಗ್ಗೆ ಪ್ರಾಮಾಣಿಕವಾಗಿ ಬರೆದ ಹಾಗಾಗುವುದಿಲ್ಲ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಬಸ್ಸಿನಲ್ಲಿ, ಜ್ಯೂಸ್ ಅಂಗಡಿಯಲ್ಲಿ ಒಟ್ಟಿಗಿದ್ದರೆಂದು ತಡೆದು ನಿಲ್ಲಿಸಿದ, ಹೊಡೆದ ಸುದ್ದಿಗಳು ನಮ್ಮ ಜಿಲ್ಲೆಯ ಪತ್ರಿಕೆ ಓದುವವರಿಗೆ ಹೊಸತಲ್ಲ. ಅಂಥ ಕಡೆ ಮೊದಲ ಪ್ರಶ್ನೆಯೇ "ಹೆಸರೇನು?" ಎಂಬುದು. ಕಾರ್ಯಾಗಾರ ಮುಗಿಸಿ ಇಬ್ಬರು ಸಹಪಾಠಿಗಳು ಬ್ಯಾಡ್ಜ್ ತೆಗೆಯದೆ ಬಸ್‌ಸ್ಟ್ಯಾಂಡಿಗೆ ನಡೆದರೆ ಆ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ, ಉತ್ತರ ಕೊರಳಲ್ಲೇ ತೂಗುತ್ತಿರುತ್ತದೆ. ತಪ್ಪು ಖಂಡಿತ ಆ ಮಕ್ಕಳದ್ದಲ್ಲ. ಆದರೆ ಬ್ಯಾಡ್ಜ್ ಮಾಡಿಸುವ ಸಂಘಟಕರಿಗೆ ತಾವು ಯಾವ ಊರಿನಲ್ಲಿ ಕಾರ್ಯಕ್ರಮ ನಡೆಸುತ್ತಿದ್ದೇವೆ ಎಂಬ ಪರಿವೆ ಇರಬೇಕು.

ಹೆಸರು ಆರಿಸಿಕೊಳ್ಳುವುದು ಹೊಸ ಫ್ಯಾಶನ್ ಅಲ್ಲ

"ಹೆಸರು ಹೇಳಲಿಕ್ಕೆ ಎಂತ ಹೆದರಿಕೆ? ಕಳ್ಳತನ ಮಾಡಿದ್ದಾ?" ಎಂದು ಹಿರಿಯರು ಕೇಳುತ್ತಾರೆ. ಹೆದರಿಕೆಯ ಮಾತಲ್ಲ. ಯಾವ ಸಭೆಗೆ ಯಾವ ಹೆಸರಿನಲ್ಲಿ ಹೋಗಬೇಕು ಎಂದು ಆರಿಸಿಕೊಳ್ಳುವ ಹಕ್ಕು ಕನ್ನಡದವರಿಗೆ ಹೊಸತೇನೂ ಅಲ್ಲ. ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯರನ್ನು ಕನ್ನಡ ಲೋಕ ನೆನಪಿಟ್ಟುಕೊಂಡದ್ದು ನಿರಂಜನ ಎಂಬ ಹೆಸರಿನಿಂದ. ಊರಿಲ್ಲದ, ಮನೆತನವಿಲ್ಲದ, ಜಾತಿ ಹೇಳದ ನಾಲ್ಕಕ್ಷರ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಅವರಿಗೆಲ್ಲ ಕಾವ್ಯನಾಮದಲ್ಲಿ ಮರ್ಯಾದೆ ಕೊಟ್ಟ ನಾವು ಒಬ್ಬ ಹುಡುಗಿ ಬ್ಯಾಡ್ಜಿನಲ್ಲಿ ಮೊದಲ ಹೆಸರು ಮಾತ್ರ ಸಾಕು ಎಂದರೆ ಹುಬ್ಬೇರಿಸುವುದು ಯಾಕೆ?

ಇನಿಶಿಯಲ್ ಎಂಬುದೂ ಹಾಗೆಯೇ. ಅಪ್ಪನ ಹೆಸರು, ಊರ ಹೆಸರು ಎಲ್ಲ ಎರಡು ಅಕ್ಷರದ ಹಿಂದೆ ಅಡಗಿ ಕೂರುತ್ತಿತ್ತು. ಬೇಕಾದವರಿಗೆ ಬಿಡಿಸಿ ಹೇಳಬಹುದು, ಬೇಡದವರಿಗೆ ಆ ಎರಡಕ್ಷರವೇ ಸಾಕು. ಈಗಿನ ಆನ್‌ಲೈನ್ ನೋಂದಣಿ ಅರ್ಜಿಗಳು ಇನಿಶಿಯಲ್ ಹಾಕಿದರೆ ಒಪ್ಪುವುದಿಲ್ಲ. ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ ಎಂದು ಕೆಂಪಕ್ಷರದಲ್ಲಿ ಬೈಯುತ್ತವೆ. ಅದೇ ಮಾಹಿತಿ ನೇರವಾಗಿ ಬ್ಯಾಡ್ಜಿನ ಮೇಲೆ ಅಚ್ಚಾಗುತ್ತದೆ. ಅರ್ಜಿಯಲ್ಲಿ ತುಂಬಿದ ಹೆಸರು ಬೇರೆ, ಬ್ಯಾಡ್ಜಿನಲ್ಲಿ ಬೇಕಾದ ಹೆಸರು ಬೇರೆ ಎಂದು ಒಂದೇ ಒಂದು ಖಾಲಿ ಜಾಗ ಜಾಸ್ತಿ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ವಿಕಿಪೀಡಿಯಕ್ಕೆ ಬರೆಯುವವರ ಕೂಟಗಳಲ್ಲಿ ಇದು ಮಾಮೂಲು. ಅಲ್ಲಿ ಬಹಳ ಮಂದಿ ತಾವು ಬರೆಯುವಾಗ ಬಳಸುವ ಬಳಕೆದಾರ ಹೆಸರಿನಿಂದಲೇ ಪರಿಚಿತರು, ಬ್ಯಾಡ್ಜಿನಲ್ಲೂ ಅದೇ ಇರುತ್ತದೆ. ನಮ್ಮ ಕರಾವಳಿಯ ಎಷ್ಟೋ ಮಂದಿ ಕನ್ನಡ ಮತ್ತು 2016ರಲ್ಲಿ ಶುರುವಾದ ತುಳು ವಿಕಿಪೀಡಿಯಕ್ಕೆ ಬರೆಯುತ್ತಾರೆ. ಅವರಿಗೆ ಇದರಲ್ಲಿ ವಿಚಿತ್ರ ಎನಿಸುವಂಥದ್ದು ಏನೂ ಇಲ್ಲ.

ಬಿಲ್ಲೆ ಯಾರಿಗೆ ಕಡ್ಡಾಯ ಆಗಬೇಕು?

ಹಾಗಾದರೆ ಹೆಸರಿನ ಬ್ಯಾಡ್ಜೇ ಬೇಡ ಎಂಬುದು ನನ್ನ ವಾದವೇ? ಅಲ್ಲ. ಹೆಸರು ತೋರಿಸಲೇಬೇಕಾದವರು ಇದ್ದಾರೆ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಯಾರನ್ನಾದರೂ ಬಂಧಿಸುವ, ವಿಚಾರಣೆ ಮಾಡುವ ಪೊಲೀಸರು ತಮ್ಮ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಪಟ್ಟಿ ಧರಿಸಿರಬೇಕು ಎಂದು ಅದರಲ್ಲಿ ಹೇಳಿದೆ. ಅಧಿಕಾರ ಇರುವವರ ಹೆಸರು ಎದುರಿಗಿರುವ ಸಾಮಾನ್ಯನಿಗೆ ಗೊತ್ತಿರಬೇಕು ಎಂಬುದು ಅದರ ತಾತ್ಪರ್ಯ.

ಬ್ರಿಟನ್ನಿನಲ್ಲಿ ಕೇಟ್ ಗ್ರ್ಯಾಂಜರ್ ಎಂಬ ವೈದ್ಯೆ ಇದ್ದರು. ಸ್ವತಃ ಕ್ಯಾನ್ಸರ್ ಬಂದು ಆಸ್ಪತ್ರೆಯಲ್ಲಿ ಮಲಗಿದಾಗ, ತನ್ನ ಬಳಿ ಬರುವ ಎಷ್ಟೋ ಸಿಬ್ಬಂದಿ ತಾವು ಯಾರೆಂದೇ ಹೇಳುವುದಿಲ್ಲ ಎಂಬುದು ಅವರ ಗಮನಕ್ಕೆ ಬಂತು. 2013ರಲ್ಲಿ ಅವರು ಶುರು ಮಾಡಿದ "ನಮಸ್ಕಾರ, ನನ್ನ ಹೆಸರು" ಎಂಬರ್ಥದ ಅಭಿಯಾನ ಆ ದೇಶದ ಆಸ್ಪತ್ರೆಗಳಲ್ಲಿ ಹಬ್ಬಿತು. ಅವರು 2016ರಲ್ಲಿ ತೀರಿಕೊಂಡರು. ಹಾಸಿಗೆಯಲ್ಲಿ ಮಲಗಿದ ರೋಗಿಯ ಹೆಸರು ಎಲ್ಲರಿಗೂ ಗೊತ್ತು, ಕಡತದಲ್ಲಿದೆ. ಸೂಜಿ ಹಿಡಿದು ನಿಂತವರ ಹೆಸರು ರೋಗಿಗೆ ಗೊತ್ತಿಲ್ಲ. ಆ ಅಸಮಾನತೆಯನ್ನು ಸರಿಮಾಡಲು ಹೆಸರಿನ ಬ್ಯಾಡ್ಜ್ ಬೇಕು.

ಸಮ್ಮೇಳನದಲ್ಲೂ ಇದೇ ನ್ಯಾಯ ಹಾಕಿ ನೋಡಿ. ಸಂಘಟಕರು, ಸ್ವಯಂಸೇವಕರು, ಮಳಿಗೆಯಲ್ಲಿ ಮಾರಲು ನಿಂತವರು, ವೇದಿಕೆ ಮೇಲೆ ಮಾತಾಡುವವರು ಹೆಸರು ತೋರಿಸಬೇಕು. ಕೇಳಲು ಬಂದವರಿಗೆ ಆಯ್ಕೆ ಇರಬೇಕು. ಈಗ ನಡೆಯುತ್ತಿರುವುದು ಸ್ವಲ್ಪ ಉಲ್ಟಾ. ಪ್ರತಿನಿಧಿಗಳ ಕೊರಳಲ್ಲಿ ಪೂರ್ತಿ ಜಾತಕ, ಸ್ವಾಗತ ಸಮಿತಿಯವರ ಅಂಗಿಯ ಮೇಲೆ ಬಣ್ಣದ ರಿಬ್ಬನ್ ಹೂವು ಮಾತ್ರ.

ನಮ್ಮೂರಿನ ಬ್ರಹ್ಮಕಲಶೋತ್ಸವಗಳಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಉಂಟು. ಸಾವಿರಾರು ಮಂದಿ ಸೇರುವ ಕಡೆ ಸ್ವಯಂಸೇವಕರ ಎದೆಯಲ್ಲಿ "ಸ್ವಯಂಸೇವಕ", "ಊಟೋಪಚಾರ", "ಪಾರ್ಕಿಂಗ್" ಎಂದು ಬರೆದಿರುತ್ತದೆ. ನೀರು ಎಲ್ಲಿ, ಚಪ್ಪಲಿ ಎಲ್ಲಿಡುವುದು ಎಂದು ಯಾರಲ್ಲಿ ಕೇಳಬೇಕೋ ಅವರ ಗುರುತು ಸಿಗುತ್ತದೆ. ಭಕ್ತರ ಎದೆಗೆ ಯಾರೂ ಏನೂ ಅಂಟಿಸುವುದಿಲ್ಲ. ಕುಕ್ಕೆಯಲ್ಲಿ ಸೇವೆ ಮಾಡಿಸುವಾಗ ಹೆಸರು, ನಕ್ಷತ್ರ, ರಾಶಿ, ಗೋತ್ರ ಎಲ್ಲ ಹೇಳುತ್ತೇವೆ, ನಿಜ. ಆದರೆ ಹೇಳುವುದು ಸಂಕಲ್ಪಕ್ಕೆ. ಅದನ್ನು ಬರೆದು ಕೊರಳಿಗೆ ಕಟ್ಟಿಕೊಂಡು ರಥಬೀದಿಯಲ್ಲಿ ತಿರುಗಾಡಿ ಎಂದು ಯಾರೂ ಹೇಳುವುದಿಲ್ಲ. ಯಾವ ಕೆಲಸಕ್ಕೆ ಕೇಳಿದ್ದೋ ಆ ಕೆಲಸಕ್ಕೆ ಮಾತ್ರ ಬಳಸುವುದು ಎಂಬ ತತ್ವ ಖಾಸಗಿತನದ ಕಾನೂನುಗಳ ಬೆನ್ನೆಲುಬು. ನಮ್ಮ ಅಜ್ಜಿಯಂದಿರಿಗೆ ಅದು ಹೊಸ ವಿಷಯ ಏನಲ್ಲ.

"ನಿಜವಾದ ಹೆಸರು ಬೇಡ ಎಂದರೆ ಕೆಟ್ಟದಾಗಿ ನಡೆದುಕೊಂಡವರನ್ನು ಹಿಡಿಯುವುದು ಹೇಗೆ?" ಇದು ಸರಿಯಾದ ಪ್ರಶ್ನೆ. ಉತ್ತರ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿದೆ. ಕಂಡಕ್ಟರಿಗೆ ಒಂದು ಬಿಲ್ಲೆ ಸಂಖ್ಯೆ ಇರುತ್ತದೆ. ಚಿಲ್ಲರೆ ಕೊಡಲಿಲ್ಲ ಎಂದು ದೂರು ಕೊಡಲು ಅವರ ಹೆಸರು, ಮನೆತನ, ಊರು ನನಗೆ ಬೇಕಾಗಿಲ್ಲ. ಸಂಖ್ಯೆ ಸಾಕು, ಉಳಿದದ್ದು ಡಿಪೋದ ದಾಖಲೆಯಲ್ಲಿದೆ. ಬ್ಯಾಡ್ಜಿನ ಮೂಲೆಯಲ್ಲಿ ಒಂದು ಸಂಖ್ಯೆ ಅಚ್ಚು ಹಾಕಿ, ನಿಜವಾದ ಹೆಸರು ಸಂಘಟಕರ ಬಳಿ ಇಟ್ಟುಕೊಂಡರೆ ಹೊಣೆಗಾರಿಕೆಯೂ ಉಳಿಯುತ್ತದೆ, ಖಾಸಗಿತನವೂ ಉಳಿಯುತ್ತದೆ. ಊಟದ ಕೂಪನ್ನಿಗೆ, ಪ್ರಮಾಣಪತ್ರಕ್ಕೆ, ಹಾಜರಿಗೆ ಕೂಡ ಆ ಸಂಖ್ಯೆಯೇ ಸಾಕು.

ಆ ಕಪ್ಪು ಬಿಳಿ ಚೌಕದೊಳಗೆ ಏನುಂಟು?

ಈಗ ಬ್ಯಾಡ್ಜುಗಳಲ್ಲಿ ಹೆಸರಿನ ಕೆಳಗೆ ಕ್ಯೂಆರ್ ಕೋಡ್ ಇರುತ್ತದೆ. ಸಾಫ್ಟ್‌ವೇರ್ ಕೆಲಸದವನಾದ ಕಾರಣ ಈ ಬಗ್ಗೆ ನನ್ನಲ್ಲಿ ಕೇಳುವವರು ಬಹಳ. ಹೆಚ್ಚಿನವರು ಅದನ್ನು ಬೀಗ ಹಾಕಿದ ಪೆಟ್ಟಿಗೆ ಎಂದು ತಿಳಿದಿದ್ದಾರೆ. ಅದು ಬೀಗ ಅಲ್ಲ, ಬರವಣಿಗೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಕಂಡುಹಿಡಿಯಿತು. ಒಂದು ಕೋಡಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಅಕ್ಷರಗಳನ್ನು ತುಂಬಬಹುದು. ನಿಮ್ಮ ಹೆಸರು, ಮೊಬೈಲ್ ನಂಬರ್, ಇಮೇಲ್, ಕಚೇರಿ ವಿಳಾಸ ಎಲ್ಲ ತುಂಬಿಯೂ ಜಾಗ ಉಳಿಯುತ್ತದೆ.

ಬ್ಯಾಡ್ಜಿನ ಕೋಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಅರ್ಥವಿಲ್ಲದ ಒಂದು ಸಂಖ್ಯೆ ಮಾತ್ರ ಇರುತ್ತದೆ. ಸಂಘಟಕರ ಕಂಪ್ಯೂಟರಿಗೆ ಹೋಗಿ ನೋಡಿದರೆ ಮಾತ್ರ ಅದು ಯಾರದ್ದೆಂದು ಗೊತ್ತಾಗುತ್ತದೆ. ಇನ್ನೊಂದರಲ್ಲಿ ನಿಮ್ಮ ವಿವರಗಳನ್ನೇ ನೇರವಾಗಿ ಬರೆದಿರುತ್ತದೆ. ಯಾರ ಮೊಬೈಲ್ ಕ್ಯಾಮೆರಾ ಬೇಕಾದರೂ ಅದನ್ನು ಓದುತ್ತದೆ. ಎದುರು ನಿಂತೇ ಓದಬೇಕೆಂದೂ ಇಲ್ಲ. ಫೋಟೊ ಸ್ಪಷ್ಟವಾಗಿದ್ದರೆ ಅದರಿಂದಲೂ ಓದಬಹುದು. ನೀವು ಖುಷಿಯಿಂದ ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಸೆಲ್ಫಿಯಲ್ಲಿ ಬ್ಯಾಡ್ಜ್ ಕಾಣುತ್ತಿದ್ದರೆ ನಿಮ್ಮ ನಂಬರ್ ಅಲ್ಲೇ ಇರಬಹುದು.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಸುಲಭ ಉಪಾಯ ಉಂಟು. ಮೊಬೈಲಿನ ಇಂಟರ್‌ನೆಟ್ ಆಫ್ ಮಾಡಿ ನಿಮ್ಮ ಬ್ಯಾಡ್ಜನ್ನು ನೀವೇ ಸ್ಕ್ಯಾನ್ ಮಾಡಿ. ಇಂಟರ್‌ನೆಟ್ ಇಲ್ಲದೆಯೂ ಹೆಸರು, ನಂಬರ್ ಬಂದರೆ ಅವು ಕೋಡಿನೊಳಗೇ ಇವೆ ಎಂದರ್ಥ. ಆಗ ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ. ಬೇಕಾದವರಿಗೆ ಎತ್ತಿ ತೋರಿಸಿದರಾಯಿತು. ಮಳಿಗೆಯವರು "ಒಮ್ಮೆ ಸ್ಕ್ಯಾನ್ ಮಾಡ್ತೇವೆ ಮೇಡಂ, ಪೆನ್ನು ಫ್ರೀ" ಎಂದಾಗ ಆ ಪೆನ್ನಿನ ಬೆಲೆ ಎಷ್ಟು ಎಂದು ಒಂದು ಕ್ಷಣ ಯೋಚಿಸಿ. ಆರು ತಿಂಗಳ ತನಕ ಬರುವ ಫೋನ್ ಕರೆಗಳೂ ಅದರ ಲೆಕ್ಕಕ್ಕೇ ಸೇರುತ್ತವೆ.

ಸಹಿ ಪುಸ್ತಕ ಮತ್ತು ವಾಟ್ಸ್ಆ್ಯಪ್ ಗುಂಪು

ತಂತ್ರಜ್ಞಾನವೇ ಇಲ್ಲದ ಕಡೆಯೂ ಸೋರಿಕೆ ಇದೆ. ಬಾಗಿಲಿನ ಸಹಿ ಪುಸ್ತಕದಲ್ಲಿ ಹೆಸರು, ಊರು, ಮೊಬೈಲ್ ನಂಬರ್ ಸಾಲಾಗಿ ಬರೆಯುತ್ತೇವೆ. ನನ್ನ ಹಿಂದೆ ನಿಂತವರಿಗೆ ನನ್ನ ಸಾಲು ಕಾಣುತ್ತದೆ, ಮೇಲಿನ ಇಪ್ಪತ್ತು ಮಂದಿಯದ್ದೂ ಕಾಣುತ್ತದೆ. ಒಂದು ಫೋಟೊ ಹೊಡೆದರೆ ಇಡೀ ಪುಟ ಕಿಸೆಯೊಳಗೆ.

ನನ್ನ ತಂಗಿಯ ಗೆಳತಿಯೊಬ್ಬಳು ಒಂದು ಕಾರ್ಯಾಗಾರಕ್ಕೆ ಹೋಗಿ ಬಂದ ರಾತ್ರಿಯೇ ಗುರುತಿಲ್ಲದ ನಂಬರಿನಿಂದ "ಇವತ್ತು ಹಸಿರು ಚೂಡಿದಾರದಲ್ಲಿ ಚೆನ್ನಾಗಿ ಕಾಣ್ತಿದ್ರಿ" ಎಂಬ ಸಂದೇಶ ಬಂತು. ಹೆಸರು ಹಿಡಿದು ಕರೆದಿದ್ದ. ಬ್ಯಾಡ್ಜಿನಿಂದ ಹೆಸರು, ಸಹಿ ಪುಸ್ತಕದಿಂದ ನಂಬರ್ ಎಂದು ಅವಳ ಊಹೆ. ಎರಡನ್ನೂ ಜೋಡಿಸಲು ಯಾವ ಹ್ಯಾಕಿಂಗ್ ವಿದ್ಯೆಯೂ ಬೇಡ. ಬ್ಲಾಕ್ ಮಾಡಿದಳು, ಅಲ್ಲಿಗೆ ಮುಗಿಯಿತು. ಆದರೆ ಅವನು ಯಾರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಕಾರ್ಯಾಗಾರಕ್ಕೆ ಅವಳು ಹೋಗಲಿಲ್ಲ. ಮನೆಯಲ್ಲಿ ಗೊತ್ತಾದರೆ ಎಲ್ಲದಕ್ಕೂ ಹೋಗುವುದು ಬೇಡ ಎನ್ನುತ್ತಾರೆಂದು ಮನೆಯಲ್ಲಿ ಹೇಳಲೂ ಇಲ್ಲ. ಒಂದು ಸಣ್ಣ ಅಜಾಗರೂಕತೆಗೆ ಓದುವ ಹುಡುಗಿಯೊಬ್ಬಳು ಕಲಿಯುವ ಅವಕಾಶವನ್ನೇ ಬಿಟ್ಟಳು. ಈ ವಿಷಯವನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಇದೇ ಕಾರಣ.

ಕಾರ್ಯಕ್ರಮಕ್ಕೆ ಮೊದಲೇ ಎಲ್ಲ ಪ್ರತಿನಿಧಿಗಳನ್ನು ಒಂದೇ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸುವುದು ಈಗಿನ ಇನ್ನೊಂದು ಅಭ್ಯಾಸ. ಸೇರಿಸಿದ ಕೂಡಲೇ ಎಲ್ಲರ ನಂಬರ್ ಎಲ್ಲರಿಗೂ ಸಿಕ್ಕಿತು. ಬರೀ ಪ್ರಕಟಣೆ ಕಳಿಸಲು ಗುಂಪು ಬೇಕಾಗಿಲ್ಲ. ವಾಟ್ಸ್ಆ್ಯಪ್ ಕಮ್ಯೂನಿಟಿಯ ಪ್ರಕಟಣಾ ಗುಂಪಿನಲ್ಲಿ ಸದಸ್ಯರ ನಂಬರ್ ಉಳಿದ ಸದಸ್ಯರಿಗೆ ಕಾಣದ ಹಾಗೆ ಇರುತ್ತದೆ. ನಮ್ಮ ಕಡೆಯಿಂದಲೂ ಒಂದು ಕೆಲಸ ಮಾಡಬಹುದು. ವಾಟ್ಸ್ಆ್ಯಪ್ ಸೆಟ್ಟಿಂಗ್ಸಿನ ಪ್ರೈವೆಸಿ ವಿಭಾಗದಲ್ಲಿ ಗ್ರೂಪ್ಸ್ ಎಂಬಲ್ಲಿ "ಮೈ ಕಾಂಟ್ಯಾಕ್ಟ್ಸ್" ಆರಿಸಿದರೆ ಗುರುತಿಲ್ಲದವರು ಕೇಳದೆ ಗುಂಪಿಗೆ ಎಳೆದುಕೊಳ್ಳಲು ಆಗುವುದಿಲ್ಲ.

ಕರ್ನಾಟಕದ ಒಬ್ಬ ಹಿರಿಯರು ಗೆಲ್ಲಿಸಿಕೊಟ್ಟ ಹಕ್ಕು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಅರ್ಜಿ ಹಾಕಿದ್ದರು. 2024ರಲ್ಲಿ ತೀರಿಕೊಂಡರು. ಬ್ಯಾಡ್ಜಿನ ವಿಷಯಕ್ಕೆ ಹೊಂದುವ ಒಂದು ಮಾತು ಆ ತೀರ್ಪಿನಲ್ಲಿದೆ. ಒಬ್ಬ ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿದ್ದಾನೆ ಎಂಬ ಮಾತ್ರಕ್ಕೆ ಖಾಸಗಿತನವನ್ನು ಕಳೆದುಕೊಳ್ಳುವುದಿಲ್ಲ ಎಂದು ಅಲ್ಲಿ ಹೇಳಿದೆ. "ಸಭೆಗೆ ಬಂದಮೇಲೆ ಇನ್ನೆಂಥ ಪ್ರೈವೆಸಿ?" ಎಂದು ಕೇಳುವವರಿಗೆ ಇದೇ ಉತ್ತರ.

ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಯಾಕೆ ತಗೊಳ್ಳುತ್ತೇವೆ ಎಂದು ಮೊದಲೇ ಹೇಳಬೇಕು, ಒಪ್ಪಿಗೆ ಒತ್ತಾಯದ್ದಾಗಿರಬಾರದು, ಕೆಲಸ ಮುಗಿದ ಮೇಲೆ ಅಳಿಸಿ ಎಂದು ಕೇಳುವ ಹಕ್ಕು ನಮಗೆ ಇರಬೇಕು ಎಂಬುದು ಅದರ ಸಾರ. ಆ ಸೂಚನೆಯನ್ನು ಕನ್ನಡದಲ್ಲೂ ಪಡೆಯುವ ಅವಕಾಶ ಕಾಯ್ದೆಯಲ್ಲಿದೆ.

ನಮ್ಮ ತಾಲೂಕಿನ ಸಣ್ಣ ಸಂಘಟನೆಗಳು ಕಾನೂನು ಪುಸ್ತಕ ಹಿಡಿದು ಕೂರಬೇಕು ಎಂದು ನಾನು ಹೇಳುವುದಿಲ್ಲ. ಅರ್ಜಿಯ ಕೆಳಗೆ "ನಿಮ್ಮ ನಂಬರನ್ನು ಈ ಕಾರ್ಯಕ್ರಮದ ಮಾಹಿತಿಗೆ ಮಾತ್ರ ಬಳಸುತ್ತೇವೆ, ಬೇರೆಯವರಿಗೆ ಕೊಡುವುದಿಲ್ಲ" ಎಂದು ಎರಡು ಸಾಲು ಬರೆದು ಅದರಂತೆ ನಡೆದರೆ ಬಹಳ ದೊಡ್ಡ ಕೆಲಸ.

ಸಂಘಟಕರಿಗೆ ನಾಲ್ಕು ಮಾತು

ಬ್ಯಾಡ್ಜಿನಲ್ಲಿ ಕರೆಯುವ ಹೆಸರನ್ನು ದೊಡ್ಡದಾಗಿ ಹಾಕಿ, ಉಳಿದದ್ದನ್ನು ಅವರವರ ಆಯ್ಕೆಗೆ ಬಿಡಿ. ಸಣ್ಣ ಅಕ್ಷರದ ಬ್ಯಾಡ್ಜ್ ಉದ್ದದ ದಾರದಲ್ಲಿ ತೂಗಿದರೆ ಓದಲು ಬಗ್ಗಬೇಕಾಗುತ್ತದೆ. ಹೆಂಗಸರಿಗೆ ಅದೆಷ್ಟು ಮುಜುಗರ ಎಂದು ಒಮ್ಮೆ ಕೇಳಿ ನೋಡಿ. ದಾರ ಗಿಡ್ಡ ಮಾಡಲು ಬರುವಂತಿರಲಿ, ಅಕ್ಷರ ನಾಲ್ಕಡಿ ದೂರದಿಂದ ಕಾಣುವಂತಿರಲಿ. ಕಾರ್ಡು ತಿರುಗಿ ಬೀಳುವ ಕಾರಣ ಎರಡೂ ಬದಿ ಅಚ್ಚು ಹಾಕಿ. ರೇಷ್ಮೆ ಸೀರೆಗೆ ಪಿನ್ ಚುಚ್ಚಲು ಹೇಳಬೇಡಿ. ಆಯಸ್ಕಾಂತದ ಬ್ಯಾಡ್ಜ್ ಕೊಡುವುದಾದರೆ ಪೇಸ್‌ಮೇಕರ್ ಇರುವವರಿಗೆ ಅದು ಬೇಡ ಎಂದು ನೆನಪಿಡಿ.

ಫೋಟೊ ಬೇಡ ಎನ್ನುವವರಿಗೆ ಬೇರೆ ಬಣ್ಣದ ದಾರ ಅಥವಾ ಸ್ಟಿಕ್ಕರ್ ಕೊಡುವ ಪದ್ಧತಿ ಹೊರಗೆ ಕೆಲವು ಕಡೆ ಇದೆ. ಆಟಿಸಂ ಇರುವವರು ಸೇರಿ ಅಮೆರಿಕದಲ್ಲಿ ನಡೆಸುತ್ತಿದ್ದ ಕೂಟಗಳಲ್ಲಿ ಇನ್ನೂ ಚಂದದ ಉಪಾಯ ಇತ್ತು. ಹಸಿರು ಕಾರ್ಡು ಎಂದರೆ ಬಂದು ಮಾತಾಡಿಸಿ, ಹಳದಿ ಎಂದರೆ ಮೊದಲೇ ಪರಿಚಯ ಇರುವವರು ಮಾತ್ರ, ಕೆಂಪು ಎಂದರೆ ಈಗ ಯಾರೂ ಬೇಡ. ಬಾಯಿಬಿಟ್ಟು "ಬೇಡ" ಎನ್ನಲು ಸಂಕೋಚ ಪಡುವ ನಮ್ಮೂರಿನ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಸಹಿ ಪುಸ್ತಕದಲ್ಲಿ ಹೆಸರು ಮತ್ತು ಸಹಿ ಸಾಕು. ನಂಬರ್ ಬೇಕೇ ಬೇಕಾದರೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಡಿ.

ಹೋಗುವವರಿಗೆ, ಮಕ್ಕಳನ್ನು ಕಳಿಸುವವರಿಗೆ

ಸಭಾಂಗಣದ ಬಾಗಿಲು ದಾಟಿದ ಕೂಡಲೇ ಬ್ಯಾಡ್ಜ್ ತೆಗೆದು ಚೀಲಕ್ಕೆ ಹಾಕಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ ಅದಕ್ಕೆ ಕೆಲಸವಿಲ್ಲ. ಮನೆಗೆ ಬಂದಮೇಲೆ ಕ್ಯೂಆರ್ ಇರುವ ಭಾಗ ಹರಿದು ಬಿಸಾಡಿ. ಇನ್ನೊಬ್ಬರ ಬ್ಯಾಡ್ಜ್ ಕಾಣುವ ಫೋಟೊ ಹಾಕುವ ಮೊದಲು ಅವರಲ್ಲಿ ಒಂದು ಮಾತು ಕೇಳಿ.

ಬ್ಯಾಡ್ಜ್ ಓದುವವರಿಗೂ ಒಂದು ಮರ್ಯಾದೆ ಇದೆ. ಹೆಸರು ಓದಿ ಗೊತ್ತಾದರೂ ಗೊತ್ತಿಲ್ಲದವರ ಹಾಗೆ ಮೊದಲು ನಿಮ್ಮ ಹೆಸರು ಹೇಳಿ. ಆಗ ಲೆಕ್ಕ ಸರಿಯಾಗುತ್ತದೆ. ಬರೆದಷ್ಟೇ ಹೆಸರಿನಿಂದ ಕರೆಯಿರಿ, "ಪೂರ್ತಿ ಹೆಸರು" ಕೇಳಬೇಡಿ. ಹೆಸರಿಗಿಂತ ಮೊದಲು ಹುದ್ದೆ ಓದಿ, ದೊಡ್ಡದಲ್ಲ ಎಂದು ಕಂಡು ಕಣ್ಣು ಪಕ್ಕಕ್ಕೆ ತಿರುಗಿಸುವುದು ಬಹಳ ಸಣ್ಣತನ. ಎದುರಿಗಿದ್ದವರಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಮಕ್ಕಳನ್ನು ಶಿಬಿರಕ್ಕೆ, ಪ್ರವಾಸಕ್ಕೆ, ಪ್ರತಿಭಾ ಸ್ಪರ್ಧೆಗೆ ಕಳಿಸುವಾಗ ಸ್ವಲ್ಪ ಹೆಚ್ಚು ಜಾಗ್ರತೆ ಬೇಕು. ಹೆಸರು ಹಿಡಿದು ಕರೆದವರನ್ನು ಸಣ್ಣ ಮಕ್ಕಳು ಪರಿಚಯದವರು ಎಂದೇ ನಂಬುತ್ತವೆ. ಆದ್ದರಿಂದ ಹೊರಗೆ ಕಾಣುವ ಕಾರ್ಡಿನಲ್ಲಿ ಶಾಲೆಯ ಹೆಸರು ಮತ್ತು ಜವಾಬ್ದಾರಿ ಹೊತ್ತ ಶಿಕ್ಷಕರ ನಂಬರ್ ಇದ್ದರೆ ಸಾಕು. ಮಗುವಿನ ಹೆಸರು, ಮನೆಯ ವಿವರ ಚೀಲದ ಒಳಗಿನ ಚೀಟಿಯಲ್ಲಿರಲಿ. "ಹೆಸರು ಗೊತ್ತಿದ್ದ ಮಾತ್ರಕ್ಕೆ ಅವರು ನಮ್ಮವರಲ್ಲ, ಅದು ನಿನ್ನ ಕೊರಳಲ್ಲೇ ಬರೆದಿತ್ತು" ಎಂದು ಮಕ್ಕಳಿಗೆ ಒಮ್ಮೆ ಬಿಡಿಸಿ ಹೇಳಿ. ಅವರಿಗೆ ಬೇಗ ಅರ್ಥವಾಗುತ್ತದೆ.

ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಮುಂದಿನ ಸಲ ನಿಮ್ಮ ಕಾಲೇಜಿನ, ಸಂಘದ, ಜಾತ್ರಾ ಸಮಿತಿಯ ಸಭೆಯಲ್ಲಿ ಬ್ಯಾಡ್ಜ್ ಅಚ್ಚು ಹಾಕಿಸುವ ಮಾತು ಬಂದಾಗ "ಇದರಲ್ಲಿ ಏನೇನು ಬರೆಯುವುದು? ಯಾಕೆ?" ಎಂದು ಯಾರಾದರೊಬ್ಬರು ಕೇಳಿದರ್ರಾಯಿತು. ಆ ಒಬ್ಬರು ನೀವೇ ಆಗಬಹುದು.